ಹಾಲು ಸುರಿದ ಬಯಲು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಉಳಿದದ್ದೆಲ್ಲ ಆಮೇಲೆ, ಈ ಸುದ್ದಿ ಮೊದಲು. ಕಾರವಾರದ ಆಸ್ಪತ್ರೆಯಲ್ಲಿ ಹುಟ್ಟಿದಳು. ಹುಟ್ಟಿದ ಕೂಡಲೇ ಎಷ್ಟು ಜೋರಾಗಿ ಅತ್ತಳೆಂದರೆ, ಹೊರಗೆ ಬೆಂಚಿನ ಮೇಲೆ ತೂಕಡಿಸುತ್ತಿದ್ದ ನಮ್ಮ ಮನೆಯವರು ತಟ್ಟನೆ ಎದ್ದು ಪಂಚೆ ಸರಿಮಾಡಿಕೊಂಡು ನಿಂತರು, ಯಾರೋ ದೊಡ್ಡ ಮನುಷ್ಯರು ಬಂದ ಹಾಗೆ. ಬಂದದ್ದು ದೊಡ್ಡ ಮನುಷ್ಯಳೇ. ಇವತ್ತು ಬೆಳಿಗ್ಗೆ ತಾಯಿ ಮಗುವನ್ನು ಅಗಸೂರಿಗೆ, ನಮ್ಮ ಮನೆಗೆ ಕರೆತಂದೆವು. ಮೂಗು ಅಪ್ಪನದು, ಕಿವಿ ನನ್ನದು. ಅಲ್ಲ ಅನ್ನುವವರು ಬಂದು ನೋಡಿ ಹೋಗಲಿ.

ನೋಡಲು ಬರುವವರಿಗೆ ನೆರಳಿರಲಿ ಎಂದು ನಮ್ಮ ಮನೆಯವರು ಅಂಗಳಕ್ಕೆ ಹಳೆಯ ಲಾರಿ ತಾಡಪತ್ರಿ ಕಟ್ಟಿಸಿದ್ದರು. ದಪ್ಪ ಬಟ್ಟೆಯದು, ಮೇಣ ಹಾಕಿದ್ದು. ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ ಬಿತ್ತು. ಕಾದ ಬಟ್ಟೆಯ ವಾಸನೆ ಅಂಗಳದಿಂದ ಜಗಲಿಗೆ, ಜಗಲಿಯಿಂದ ಬಾಳಂತಿ ಕೋಣೆಗೆ ಬಂತು. ಮಗುವಿಗೆ ಎಣ್ಣೆ ತಿಕ್ಕುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಮಂಚದ ಮೇಲೆ ಆಚೆ ತಿರುಗಿ ಮಲಗಿದ್ದ ಮಗಳು ವೇಣಿ ಈಚೆ ತಿರುಗಿದಳು.

"ಆಯಿ, ವಾಸ್ನೆ ಬಂತಾ?"

"ಬಂತು ತಂಗಿ. ಬಿಚ್ಚುಕೆ ಹೇಳ್ಲಾ?"

ಅವಳು ಮತ್ತೊಮ್ಮೆ ಮೂಸಿ ನೋಡಿ, "ಬ್ಯಾಡ, ಇರ್ಲಿ" ಎಂದಳು.

ಅದು ಆಫ್ರಿಕಾದ ವಾಸನೆ. ಯಾರಿಗಾದರೂ ಹೇಳಿದರೆ ನಗುತ್ತಾರೆ. ಅಂಕೋಲೆ ತಾಲೂಕಿನ ಅಗಸೂರಿನವಳು, ಕನ್ನಡ ಶಾಲೆ ಮೂರನೆಯದಕ್ಕೆ ಬಿಟ್ಟವಳು, ಆಫ್ರಿಕಾದ ಬಯಲಿನಲ್ಲಿ ಡೇರೆಯಲ್ಲಿ ಒಂದು ಮಳೆಗಾಲ ಕಳೆದು ಬಂದಿದ್ದೇನೆ. ಬಿಳಿಯರು ಸಿಂಹ ನೋಡಲು ಬಂದು ಉಳಿಯುವಂಥ ಡೇರೆ. ಎರಡು ಸಾವಿರದ ನಾಲ್ಕನೇ ಇಸವಿ ಅದು. ಹೋಗಿ ಬಂದ ಮೇಲೆ ಆ ಊರಿನ ಮಾತು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ. ಇವತ್ತು ಆಡಬಹುದು ಅನಿಸುತ್ತದೆ.

ಅಳಿಯ ದತ್ತಾ ಮಾಜಾಳಿಯವನು. ಅಳಿಯನಾದರೂ ನನಗೆ ಮಗನ ಹಾಗೆ, ಏಕವಚನದಲ್ಲೇ ಬರೆಯುತ್ತೇನೆ. ಗೋವೆಯ ಹೋಟೆಲುಗಳಲ್ಲಿ ಅಡಿಗೆ ಕಲಿತು, ಟಾಂಜಾನಿಯಾದ ಒಂದು ಸಫಾರಿ ಕ್ಯಾಂಪಿನಲ್ಲಿ ಅಡಿಗೆಮನೆಯ ಮುಖ್ಯಸ್ಥನಾಗಿ ಹೋದ. ಮದುವೆಯಾದ ಮೇಲೆ ವೇಣಿಯನ್ನೂ ಕರೆಸಿಕೊಂಡ. ಹೆರಿಗೆಗೆ ಮಗಳು ತವರಿಗೆ ಬರಬೇಕು, ಅದು ಪದ್ಧತಿ. ಆದರೆ ಅವಳಿಗೆ ರಕ್ತದೊತ್ತಡ ಏರಿದೆ, ವಿಮಾನ ಹತ್ತುವುದು ಬೇಡ ಎಂದು ಅಲ್ಲಿಯ ಡಾಕ್ಟರು ಹೇಳಿಬಿಟ್ಟರು. ಮಗಳು ಬಾರದಿದ್ದರೆ ತವರೇ ಎದ್ದು ಹೋಗಬೇಕಾಯಿತು. ತವರೆಂದರೆ ನಾನು. ನಟ್ಟಿಯ ಹೊತ್ತು, ಗದ್ದೆ ಬಿಟ್ಟು ಹೇಗೆ ಹೋಗಲಿ ಎಂದರೆ ನಮ್ಮ ಮನೆಯವರು, ಗದ್ದೆ ಮುಂದಿನ ವರ್ಷವೂ ಇರುತ್ತದೆ, ಹೊರಡು ಎಂದರು.

ಜೋಯಿಡಾ ಕಾಡಿಗೆ ಹೋಗಲೂ ಹೆದರುವವಳು ನಾನು. ನನ್ನ ಗಂಟಿನಲ್ಲಿ ಇದ್ದದ್ದು ಓಮ, ಶುಂಠಿ, ಕಾಳುಮೆಣಸು, ಒಗೆದು ಒಗೆದು ಮೆತ್ತಗಾದ ನನ್ನ ಹತ್ತಿಸೀರೆಗಳು, ಮತ್ತೆ ಒಣಗಿಸಿದ ಮರಿಸೊರ. ಓದಿದವರು ಶಾರ್ಕ್ ಅನ್ನುತ್ತಾರಲ್ಲ, ಆ ಮೀನಿನ ಮರಿ. ನಮ್ಮ ಕರಾವಳಿಯಲ್ಲಿ ಬಾಳಂತಿಗೆ ಎದೆಹಾಲು ಬರಲು ಕೊಡುವುದು ಅದನ್ನೇ. ಬಾಳೆ ಎಲೆ, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಟವೆಲು ಸುತ್ತಿದ್ದೆ. ಆದರೂ ಕ್ಯಾಂಪಿನ ಜೀಪಿನಲ್ಲಿ ಕೂತ ಕೂಡಲೇ ಡ್ರೈವರ್ ಕಿಟಕಿ ಇಳಿಸಿದ.

ಇಲ್ಲಿ ಜಡಿಮಳೆ ಬಿಟ್ಟು ಹೋದವಳಿಗೆ ಅಲ್ಲಿ ಕೊಯ್ಲು ಮುಗಿದ ಗದ್ದೆಯಂಥ ಬಯಲು. ಕಣ್ಣು ಸೋಲುವವರೆಗೆ ಒಣಹುಲ್ಲು, ಕೊಡೆ ಬಿಚ್ಚಿದಂಥ ಮುಳ್ಳುಮರ, ಕೆಂಪು ಧೂಳು. ಡೇರೆ ಎಂದರೆ ಜಾತ್ರೆಗೆ ಹಾಕುತ್ತಾರಲ್ಲ, ಅಂಥದ್ದು ಎಂದುಕೊಂಡಿದ್ದೆ. ಒಳಗೆ ಹೋದರೆ ಕಾಲಿಗೆ ರತ್ನಗಂಬಳಿ, ದೊಡ್ಡ ಮಂಚ, ಬಿಳಿ ಹಾಸು, ಆಳೆತ್ತರದ ಕನ್ನಡಿ. ಕ್ಯಾಂಪಿನ ಯಜಮಾನಿ, ಒಬ್ಬ ಬಿಳಿ ಮುದುಕಿ, ಆ ವರ್ಷ ಜನ ಕಡಿಮೆ ಎಂದು ಕೊನೆಯ ಡೇರೆಯನ್ನು ನಮ್ಮಿಬ್ಬರಿಗೇ ಬಿಟ್ಟುಕೊಟ್ಟಿದ್ದಳು. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಹೊರಗಿಂದ ಯಾರೋ ಮೆಲ್ಲಗೆ ಕರೆದು ಚಹಾ ಇಟ್ಟು ಹೋಗುತ್ತಿದ್ದರು. ಹುಟ್ಟಿದ ಮೇಲೆ ನನಗೆ ಹಾಸಿಗೆಗೆ ಚಹಾ ತಂದುಕೊಟ್ಟವರು ಯಾರಿದ್ದಾರೆ? ಒಲೆಯಲ್ಲಿ ಕಾಸಿದ ನೀರನ್ನು ಮರಕ್ಕೆ ಕಟ್ಟಿದ ಚೀಲಕ್ಕೆ ತುಂಬಿಸುತ್ತಿದ್ದರು, ದಾರ ಎಳೆದರೆ ಮೈಮೇಲೆ ಸುರಿಯುತ್ತಿತ್ತು. ನಮ್ಮ ಹಂಡೆಯ ನೀರಿನ ಹಾಗೆಯೇ ಹೊಗೆಯ ವಾಸನೆ. ಅದೊಂದು ನನಗೆ ಊರೆನಿಸುತ್ತಿತ್ತು.

ಹೋದ ದಿನ ಸಂಜೆ ಮಲಗಲು ಹೊದಿಕೆ ಎತ್ತಿ ಕಾಲು ಚಾಚಿದೆ. ಕಾಲಿಗೆ ಏನೋ ಬೆಚ್ಚಗೆ, ಮೆತ್ತಗೆ ತಾಗಿತು. ಕೂಗಿಕೊಂಡು ಮಂಚದಿಂದ ಹಾರಿದೆ. ಕಾವಲುಗಾರ ಈಟಿ ಹಿಡಿದು ಓಡಿಬಂದ, ದತ್ತಾ ಸೌಟು ಹಿಡಿದು ಓಡಿಬಂದ. ನೋಡಿದರೆ ಬಿಸಿನೀರು ತುಂಬಿದ ರಬ್ಬರಿನ ಚೀಲ. ಅಲ್ಲಿ ಕತ್ತಲಾದರೆ ಚಳಿ, ಅದಕ್ಕೆ ಎಲ್ಲರ ಹಾಸಿಗೆಯಲ್ಲೂ ಇಡುತ್ತಾರೆ, ಉಣ್ಣೆಯ ಕವಚ ತೊಡಿಸಿ. ವೇಣಿ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು. ಒಳಗಿದ್ದವನೂ ಒದ್ದನಂತೆ. "ಅವ್ನೂ ನಗ್ತಾ ಇದ್ದಾನೆ ಆಯಿ" ಎಂದಳು.

ಆ ಕಾವಲುಗಾರನ ಹೆಸರು ಸೈತೋಟಿ. ಮಸಾಯಿ ಜನದವನು, ಕೆಂಪು ಚೌಕಳಿ ಬಟ್ಟೆ ಹೊದ್ದು ಭತ್ತ ಕುಟ್ಟುವ ಒನಕೆಯ ಹಾಗೆ ನೆಟ್ಟಗೆ ನಿಲ್ಲುವವನು. ನನ್ನ ಬಾಯಲ್ಲಿ ಸಾತಪ್ಪನಾದ. ಅವನಿಲ್ಲದೆ ಡೇರೆ ಬಿಟ್ಟು ಕಾಲಿಡುವಂತಿರಲಿಲ್ಲ, ಅದು ಅಲ್ಲಿಯ ನಿಯಮ. ಡೇರೆಯೊಳಗೆ ತಿನ್ನುವ ಪದಾರ್ಥ ಇಡಬಾರದು ಎಂಬುದು ಇನ್ನೊಂದು. ನನ್ನ ಒಣಮೀನಿನ ಗಂಟನ್ನು ಅವನೇ ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು, ಕೋಲಿನ ತುದಿಗೆ ಸಿಕ್ಕಿಸಿ, ಅಡಿಗೆಮನೆಯ ಕಬ್ಬಿಣದ ಪೆಟ್ಟಿಗೆಗೆ ಸಾಗಿಸಿದ. ಅವರ ಜನ ಮೀನು ತಿನ್ನುವುದಿಲ್ಲ. ನಾವು ಅದನ್ನು ಬಾಳಂತಿಗೆ ಕೊಡುತ್ತೇವೆ ಎಂದು ದತ್ತಾ ವಿವರಿಸಿದಾಗ ಅವನು ವೇಣಿಯನ್ನು ಕನಿಕರದಿಂದ ನೋಡಿದ.

ಕ್ಯಾಂಪಿನ ಎದುರು ಒಂದು ನೀರಿನ ಹೊಂಡ. ಬೆಳಿಗ್ಗೆ ಆನೆಗಳು ಬರುತ್ತಿದ್ದವು. ಒಂದೆರಡಲ್ಲ, ಸಂಸಾರ ಸಂಸಾರವೇ, ಅಜ್ಜಿ ಮುಂದೆ, ಮರಿಗಳು ಅಮ್ಮಂದಿರ ಹೊಟ್ಟೆಯ ಕೆಳಗೆ. ಅತಿಥಿಗಳು ಕ್ಯಾಮರಾ ಹಿಡಿಯುತ್ತಿದ್ದರು, ನಾನು ಚಪ್ಪಲಿ ಕಳಚಿ ಕೈಮುಗಿಯುತ್ತಿದ್ದೆ. ನಮ್ಮ ಕಡೆಯವರಿಗೆ ಗಣಪತಿ ಎಂದರೆ ಏನೆಂದು ಕಾರವಾರ ಅಂಕೋಲೆಯವರಿಗೆ ಹೇಳಬೇಕಾಗಿಲ್ಲ. ಹೆರಿಗೆಗೆ ಮುಂಚೆ ದಿನಾ ಗಣಪತಿಯ ದರ್ಶನ, ಇದಕ್ಕಿಂತ ಶುಭ ಏನು ಎಂದು ವೇಣಿಗೆ ಹೇಳುತ್ತಿದ್ದೆ. ಚೌತಿಯ ಹೊತ್ತಿಗೆ ಮಗು ಕೈಯಲ್ಲಿರುತ್ತದೆ ಎಂದು ಲೆಕ್ಕ ಹಾಕಿದ್ದೆ.

ಮಗು ಚೌತಿಗೆ ಕಾಯಲಿಲ್ಲ. ದಿನ ತುಂಬುವ ಮೊದಲು ಪಟ್ಟಣಕ್ಕೆ ಹೋಗಿ ಆಸ್ಪತ್ರೆಯ ಹತ್ತಿರ ಕೋಣೆ ಹಿಡಿಯುವುದೆಂದು ದತ್ತಾ ಮಾತಾಡಿಟ್ಟಿದ್ದ. ಹೊರಡಲು ಇನ್ನೂ ವಾರವಿತ್ತು. ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದ ವೇಣಿ ಮಂಚದ ಕಂಬ ಹಿಡಿದು ನಿಂತುಬಿಟ್ಟಳು. ಎಂಟನೇ ತಿಂಗಳು. ಜೀಪಿನ ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ, ಮುಂದೆ ಡ್ರೈವರ್, ದತ್ತಾ. ಗುಂಡಿಗೆ ಬಿದ್ದಾಗಲೆಲ್ಲ ಅವಳು ನನ್ನ ಕೈ ಹಿಂಡುತ್ತಿದ್ದಳು.

ಅರ್ಧ ದಾರಿಯಲ್ಲಿ ಒಂದು ಒಣಹೊಳೆ. ನಮ್ಮ ಗಂಗಾವಳಿಯಷ್ಟು ಅಗಲ, ಆದರೆ ಬರೀ ಮರಳು. ಎರಡೂ ಬದಿ ಕಡಿದಾದ ದರೆ, ಇಳಿಯಲು ಒಂದೇ ದಾರಿ. ಆ ದಾರಿಯ ಬುಡದಲ್ಲಿ ಆನೆಗಳು ನಿಂತಿದ್ದವು. ಬರಗಾಲದಲ್ಲಿ ಅವು ಮರಳು ತೋಡಿ ನೀರು ಕುಡಿಯುತ್ತವೆ. ಅಜ್ಜಿ ಆನೆ ಸೊಂಡಿಲಿನಿಂದ ಕುಣಿ ತೋಡುತ್ತಿತ್ತು, ಮರಿಗಳು ಸರದಿಗೆ ಕಾಯುತ್ತಿದ್ದವು. ಡ್ರೈವರ್ ಇಂಜಿನ್ ನಿಲ್ಲಿಸಿದ. ದತ್ತಾ ಹಾರ್ನ್ ಮೇಲೆ ಕೈಯಿಟ್ಟರೆ ಅವನು ಆ ಕೈ ಹಿಡಿದುಕೊಂಡ. ಮರಿ ಇರುವ ಗುಂಪು, ಹಾರ್ನ್ ಹೊಡೆದರೆ ಜೀಪನ್ನೇ ಮಗುಚುತ್ತವೆ ಎಂದ.

ಕಾದೆವು. ಗಾಳಿಯೂ ಇಲ್ಲ. ನೀರು ಒಸರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವು ನಿಂತವು. ಒಂದು ಮರಿ ಕುಡಿದು ಮುಗಿಸಿದರೆ ಇನ್ನೊಂದು ಬಂತು.

ವೇಣಿ ಕಣ್ಣು ಬಿಟ್ಟು ನನ್ನ ಮುಖ ನೋಡಿದಳು. "ಆಯಿ, ಅವಕೆ ಹೇಳೇ. ದಾರಿ ಬಿಡುಕೆ ಹೇಳು. ನೀ ದಿನಾ ಕೈ ಮುಗೀತಿದ್ಯಲೆ."

ನಾನು ಕೈ ಮುಗಿದೆ. ಮುಗಿಯದೆ ಏನು ಮಾಡಲಿ? ಅವು ಕಿವಿ ಬೀಸಿಕೊಂಡು ನಿಂತೇ ಇದ್ದವು.

ಮಗು ಅಲ್ಲೇ ಹುಟ್ಟಿತು, ಜೀಪಿನಲ್ಲಿ, ನನ್ನ ಕೈಯಲ್ಲಿ. ಗಂಡು. ಒಂದು ಮೊಳವೂ ಇಲ್ಲ. ಬೆಕ್ಕಿನ ಮರಿಯ ಹಾಗೆ ಒಮ್ಮೆ ದನಿ ತೆಗೆದ. ಸೀರೆಯಲ್ಲಿ ಸುತ್ತಿ ನನ್ನ ಎದೆಗೆ ಒತ್ತಿಕೊಂಡೆ, ಬಾಯಿಂದ ಉಸಿರು ಊದಿದೆ, ಕಾಲು ತಿಕ್ಕಿದೆ. ಆನೆಗಳು ದರೆ ಹತ್ತಿ ಹೋಗುವ ಹೊತ್ತಿಗೆ ಅವನ ಕಾಲು ತಣ್ಣಗಾಗಿತ್ತು. ಇಷ್ಟು ಮುಂಚೆ ಹುಟ್ಟಿದ್ದು, ದಾರಿ ತೆರೆದಿದ್ದರೂ ಉಳಿಯುವುದು ಕಷ್ಟವಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಕಷ್ಟ ಎಂದರು, ಆಗುತ್ತಿರಲಿಲ್ಲ ಎನ್ನಲಿಲ್ಲ. ಆ ಎರಡು ಮಾತಿನ ನಡುವೆ ದತ್ತಾ ಎಷ್ಟೋ ವರ್ಷ ಓಡಾಡಿದ್ದಾನೆ.

ಮರುದಿನ ಕ್ಯಾಂಪಿಗೆ ತಿರುಗಿ ಬಂದೆವು. ಬೇರೆ ಎಲ್ಲಿಗೆ ಹೋಗುವುದು? ಊಟದ ದೊಡ್ಡ ಡೇರೆಯಲ್ಲಿ ಅತಿಥಿಗಳು ಗ್ಲಾಸು ತಾಗಿಸಿಕೊಂಡು ನಗುತ್ತಿದ್ದರು, ಅವರಿಗೆ ಆವತ್ತು ಆನೆ ಸಿಕ್ಕಿತ್ತು. ಅವರ ಖುಷಿಯನ್ನು ನಾನು ಯಾಕೆ ದೂರಲಿ.

ಹಲ್ಲು ಬಾರದ ಮಕ್ಕಳನ್ನು ನಾವು ಸುಡುವುದಿಲ್ಲ, ಹುಗಿಯುತ್ತೇವೆ. ನರಿ ಕೆದಕದಿರಲಿ ಎಂದು ಮೇಲೆ ಕಲ್ಲು, ಕಲ್ಲಿನ ಮೇಲೆ ಮುಳ್ಳು. ಅಲ್ಲಿ ನರಿಗಿಂತ ಕೆಟ್ಟದ್ದು ಕತ್ತೆಕಿರುಬ. ಸಾತಪ್ಪನ ಹಿರಿಯರು ಸತ್ತವರನ್ನು ಹೂಳುತ್ತಲೇ ಇರಲಿಲ್ಲವಂತೆ, ಬಯಲಿಗೆ ಒಪ್ಪಿಸುತ್ತಿದ್ದರಂತೆ. ಆದರೂ ಅವನು ಕ್ಯಾಂಪಿನಾಚೆ ಒಂದು ಮುಳ್ಳುಮರದ ಬುಡ ತೋರಿಸಿದ, ದತ್ತಾನ ಜೊತೆ ತಾನೂ ತೋಡಿದ, ಹೊದ್ದ ಕೆಂಪು ಬಟ್ಟೆಯನ್ನೇ ಬಿಚ್ಚಿ ಅದರಲ್ಲಿ ಕಲ್ಲು ಹೊತ್ತು ತಂದ. ಮುಳ್ಳು ಕಡಿದು ಸುತ್ತ ಬೇಲಿ ಮಾಡಿದ. ಎಲ್ಲ ಮುಗಿದ ಮೇಲೆ ನನ್ನ ಮುಂದೆ ತಲೆತಗ್ಗಿಸಿ, "ಪೋಲೆ, ಮಾಮಾ" ಎಂದ. ನಿಮ್ಮ ದುಃಖ ನನ್ನದೂ ಅಂತ ಅರ್ಥವಂತೆ, ತಾಯೇ ಅಂತ. ಅರ್ಥ ಆಮೇಲೆ ತಿಳಿಯಿತು, ಮಾತು ಆಗಲೇ ತಿಳಿದಿತ್ತು.

ವೇಣಿ ಅಳಲಿಲ್ಲ. ಮಾತಾಡಲಿಲ್ಲ. ಉಣ್ಣಲಿಲ್ಲ. ಗಂಜಿ ತಂದರೆ ಬಾಯಿ ಮುಚ್ಚಿ ಆಚೆ ತಿರುಗುತ್ತಿದ್ದಳು. ಸಂಜೆ ಹುಡುಗರು ರೂಢಿಯ ಹಾಗೆ ಬಿಸಿನೀರಿನ ಚೀಲ ಇಟ್ಟು ಹೋಗುತ್ತಿದ್ದರು. ಒಂದು ಸಂಜೆ ನೋಡುತ್ತೇನೆ, ಅದನ್ನು ಎದೆಗೆ ಅವುಚಿಕೊಂಡು, ಒಂದು ಕೈಯಿಂದ ಮೆಲ್ಲಗೆ ತಟ್ಟುತ್ತಿದ್ದಾಳೆ. ನಾನು ಡೇರೆಯ ಹೊರಗೆ ಹೋಗಿ ಕೂತೆ. ದಿನವೆಲ್ಲ ಬಿಸಿಲು ಕುಡಿದ ಬಟ್ಟೆಗೆ ಬೆನ್ನು ಒರಗಿಸಿ ಕೂತೆ. ಈ ವಾಸನೆ ನನ್ನೊಳಗೆ ಇಳಿದದ್ದು ಆವತ್ತು.

ಮೂರನೇ ದಿನ ಹಾಲು ಬಂತು. ಮಗು ಇಲ್ಲ ಎಂಬುದು ಎದೆಗೆ ಹೇಗೆ ಗೊತ್ತಾಗಬೇಕು? ಕಲ್ಲಿನ ಹಾಗೆ ಗಟ್ಟಿಯಾಯಿತು, ಜ್ವರ ಬಂತು. ನಮ್ಮಲ್ಲಿ ಇಂಥ ಹೊತ್ತಿಗೆ ಮಲ್ಲಿಗೆ ಹೂವಿನ ದಂಡೆಯನ್ನು ಎದೆಗೆ ಕಟ್ಟುತ್ತಾರೆ, ಹಾಲು ಇಂಗುತ್ತದೆ. ಅಂಕೋಲೆ ಪೇಟೆಯಲ್ಲಾದರೆ ಬುಟ್ಟಿ ಬುಟ್ಟಿ ಸಿಗುತ್ತಿತ್ತು. ಆ ಬಯಲಿನಲ್ಲಿ ಹುಲ್ಲು, ಮುಳ್ಳು, ಎಲುಬು. ನಾನೇ ಹಿಂಡಿ ಬಟ್ಟಲಿಗೆ ತೆಗೆದೆ. ಅವಳು ಎಲ್ಲಿಯೋ ನೋಡುತ್ತ ಬಿದ್ದಿದ್ದಳು, ಎದೆ ಬೇರೆ ಯಾರದೋ ಎಂಬ ಹಾಗೆ.

ಹಿಂಡಿದ ಎದೆಹಾಲನ್ನು ತುಳಿಯುವ ಜಾಗದಲ್ಲಿ ಚೆಲ್ಲಬಾರದು. ಮನೆಯಲ್ಲಾದರೆ ತೆಂಗಿನ ಬುಡಕ್ಕೆ ಸುರಿಯುತ್ತೇವೆ. ಬಟ್ಟಲು ಹಿಡಿದು ಹೊರಗೆ ನಿಂತೆ. ಆ ಊರಿನಲ್ಲಿ ತುಳಿಯದ ಜಾಗ ಯಾವುದು? ಆನೆ, ಎಮ್ಮೆ, ಜೀಬ್ರಾ ತುಳಿಯದ ಅಂಗೈಯಗಲ ನೆಲವಿಲ್ಲ. ಮುಳ್ಳುಬೇಲಿಯೊಳಗಿನ ಆ ಕಲ್ಲುಗಳು ಮಾತ್ರ. ಸಾತಪ್ಪನಿಗೆ ಕೈಸನ್ನೆ ಮಾಡಿದೆ. ಅವನು ಬಟ್ಟಲಿನೊಳಗೆ ನೋಡಿ ಏನೂ ಕೇಳದೆ ಈಟಿ ಎತ್ತಿಕೊಂಡು ಮುಂದೆ ನಡೆದ. ಕಲ್ಲಿನ ಸಂದಿಗೆ ಹಾಲು ಸುರಿದೆ. ಮಣ್ಣು ಎಷ್ಟು ಬಾಯಾರಿತ್ತೋ, ಸುರಿದ ಗುರುತೂ ಉಳಿಯಲಿಲ್ಲ.

ಹೀಗೆಯೇ ಬೆಳಿಗ್ಗೆ ಸಂಜೆ ಹೋಗಿಬರುತ್ತಿದ್ದೆ. ಒಂದು ದಿನ ವೇಣಿ ಬಾಯಿಬಿಟ್ಟಳು.

"ಹಾಲು ಎಲ್ಲಿ ಹಾಕ್ತೆ ಆಯಿ?"

ಸುಳ್ಳು ಹೇಳಲು ಬರಲಿಲ್ಲ. "ಅವನ ಹತ್ರ" ಎಂದೆ.

ಮರುದಿನ ಬಟ್ಟಲನ್ನು ತಾನೇ ತೆಗೆದುಕೊಂಡಳು, ತಾನೇ ಹಿಂಡಿದಳು. ಉಪವಾಸದ ಮೈ, ಹಾಲು ಬಟ್ಟಲಿನ ತಳವಷ್ಟೇ ಇತ್ತು. ಅದನ್ನು ಅಲ್ಲಾಡಿಸಿ ನೋಡಿ ಕೇಳಿದಳು, "ಕಡ್ಮಿ ಆಯ್ತಲೆ. ಅವಂಗೆ ಸಾಲ್ತದಾ?" ಆಮೇಲೆ, "ಆಯಿ, ನೀ ಸೊರ ತಂದಿದ್ಯಲೆ. ಸಾರು ಮಾಡು, ಉಣ್ತೆ."

ನಾನು ಏನು ಮಾಡಬೇಕಿತ್ತು, ಓದಿದವರೇ ಹೇಳಲಿ. ಇಂಗಬೇಕಾದ ಹಾಲನ್ನು ಉಕ್ಕಿಸುವ ಮೀನು ಅದು. ಮಾಡದಿದ್ದರೆ ಮಗಳು ಉಣ್ಣುವುದಿಲ್ಲ, ಮಾಡಿದರೆ ಅವಳು ಕಲ್ಲಿಗೆ ಮೊಲೆಯೂಡುವುದನ್ನು ನಾನು ನೋಡಬೇಕು. ಮಾಡಿದೆ. ದತ್ತಾ ಬಿಳಿಯರಿಗೆ ಕೇಕು ಬೇಯಿಸುವ ಒಲೆಯ ಪಕ್ಕದಲ್ಲಿ ಕಾಳುಮೆಣಸು ಅರೆದು ಒಣಸೊರದ ಸಾರು ಕುದಿಸಿದೆ. ಯಾವ ಪ್ರಾಣಿ ಸತ್ತಿದೆ ಎಂದು ಇಬ್ಬರು ಅತಿಥಿಗಳು ಯಜಮಾನಿಯನ್ನು ಕೇಳಿದರಂತೆ. ವೇಣಿ ಅನ್ನ ಕಲಸಿದಳು, ಉಂಡಳು, ಬಟ್ಟಲು ನೆಕ್ಕಿದಳು. ದತ್ತಾ ಗೋಡೆಯಿಲ್ಲದ ಆ ಅಡಿಗೆಮನೆಯ ಆಚೆ ಹೋಗಿ ಒಲೆಯ ಹೊಗೆಗೆ ಕಣ್ಣು ಉರಿಯುತ್ತದೆ ಎಂದ. ಹೊಗೆ ಈಚೆ ಕಡೆ ಇತ್ತು.

ಗಂಟು ತೀರುವವರೆಗೂ ಹೀಗೇ ನಡೆಯಿತು. ಅವಳ ಕಾಲಿಗೆ ಬಲ ಬಂದ ಮೇಲೆ ಒಂದು ಸಂಜೆ ತಾನೂ ಬರುತ್ತೇನೆ ಎಂದಳು. ಸಾತಪ್ಪ ಮುಂದೆ, ಅವಳು ನಡುವೆ, ನಾನು ಹಿಂದೆ. ಅವಳು ಆ ಜಾಗ ನೋಡಿರಲೇ ಇಲ್ಲ. ಬೇಲಿಯ ಹತ್ತಿರ ಕೂತು ಬಟ್ಟಲು ಬಗ್ಗಿಸಿದಳು. ಹಾಲು ಇಂಗಿದ್ದನ್ನು ನೋಡಿದಳು. ಮಣ್ಣಿನ ಮೇಲೆ ಅಂಗೈ ಇಟ್ಟು, ಕಾವಿದೆಯೇ ಎಂದು ಹಾಸಿಗೆ ಮುಟ್ಟಿ ನೋಡುವ ಹಾಗೆ, ಎಷ್ಟೋ ಹೊತ್ತು ಇಟ್ಟುಕೊಂಡಳು. ಬಿಸಿಲು ಇಳಿದು ಮಣ್ಣು ತಣ್ಣಗಾಗುತ್ತಿತ್ತು. ಆಗ ಅತ್ತಳು. ಹೊಂಡದ ಹತ್ತಿರದ ಹಕ್ಕಿಗಳೆಲ್ಲ ಏಳುವ ಹಾಗೆ ಅತ್ತಳು. ಸಾತಪ್ಪ ಬೆನ್ನು ತಿರುಗಿಸಿ ಬಯಲು ಕಾಯುತ್ತ ನಿಂತ.

ದಾರಿಯಲ್ಲಿ ಹೇಳಿದಳು, "ಮನೆಗೆ ಹೋಗ್ವಾ ಆಯಿ."

ಡಾಕ್ಟರು ವಿಮಾನಕ್ಕೆ ಒಪ್ಪಿದ ಮೇಲೆ ಊರಿಗೆ ಬಂದೆವು. ನಮ್ಮಲ್ಲಿ ಮಳೆ ಹಿಂದೆ ಸರಿಯುತ್ತಿತ್ತು, ಚೌತಿ ಕಳೆದಿತ್ತು. ಆ ವರ್ಷ ಗಣಪತಿಯ ಮುಖ ನೋಡುವುದು ತಪ್ಪಿತಲ್ಲ ಎಂದು ನನಗೆ ಸಮಾಧಾನವೇ ಆಯಿತು. ಬಂದ ದಿನವೇ ಅಂಕೋಲೆಯಿಂದ ಮಲ್ಲಿಗೆ ತರಿಸಿದೆ. ಯಾರಿಗೆ, ಯಾಕೆ ಎಂದು ಗಂಡಸರಿಗೆ ಹೇಳಲಿಲ್ಲ. ಬಾಗಿಲು ಹಾಕಿ ಮಗಳ ಎದೆಗೆ ಕಟ್ಟಿದೆ. ಮರುದಿನ ಬಾಡಿದ್ದು ತೆಗೆದು ಹೊಸದು ಕಟ್ಟಿದೆ. ಮುಡಿಯಬೇಕಾದ ಹೂವು ಹಾಗೆ ಕಂದಿದ್ದನ್ನು ಕಂಡ ಮೇಲೆ ನಾನು ಮಲ್ಲಿಗೆ ಮುಡಿಯಲಿಲ್ಲ. ಹಾಲು ಇಂಗಿತು. ದತ್ತಾನೂ ಆ ಕೆಲಸ ಬಿಟ್ಟು ಬಂದು ಕಾರವಾರದಲ್ಲಿ ಖಾನಾವಳಿ ಹಾಕಿದ. ಇನ್ನೊಂದು ಮಗುವಿನ ಮಾತೆತ್ತಿದರೆ ವೇಣಿ ಎದ್ದು ಹೋಗುತ್ತಿದ್ದಳು. ಅವಳು ಎದ್ದು ಹೋಗದೆ ಕೂತ ದಿನಕ್ಕೆ ನಾನು ಐದು ಮಳೆಗಾಲ ಕಾದೆ.

ಇವತ್ತು ಸಂಜೆ ನಮ್ಮ ಮನೆಯವರು ಅಂಕೋಲೆಯಿಂದ ಬಂದವರು ನಗುತ್ತ ಒಂದು ಪೊಟ್ಟಣ ಬಿಚ್ಚಿದರು. ಮಗಳಿಗೆ ಮುಡಿಯಲು ಮಲ್ಲಿಗೆ. ನಾನು ಕೋಣೆಯ ಬಾಗಿಲಿಗೆ ಅಡ್ಡ ನಿಂತು, ಅದನ್ನು ಬಾಳಂತಿಯ ಹತ್ತಿರ ತರಬೇಡಿ ಎಂದು ಗದರಿಬಿಟ್ಟೆ. ಪಾಪ, ಹೂವು ಹಿಡಿದು ನಿಂತೇ ಬಿಟ್ಟರು. ಮಾಜಾಳಿಯಿಂದ ಬಂದ ಬೀಗತಿಗೆ ಮಾತ್ರ ಅರ್ಥವಾಯಿತು. ಅವರ ಕೈಚೀಲದಲ್ಲಿ ಬೆಳಿಗ್ಗೆ ದಡಕ್ಕೆ ಬಂದ ತಾಜಾ ಮರಿಸೊರ ಇತ್ತು. ಇಬ್ಬರೂ ಸೇರಿ ಸಾರು ಮಾಡಿದೆವು. ಮಲ್ಲಿಗೆಯ ದಂಡೆಯನ್ನು ಅವರು ಎರಡು ತುಂಡು ಮಾಡಿ, ಒಂದನ್ನು ತಾವು ಮುಡಿದು ಇನ್ನೊಂದನ್ನು ಕೇಳದೆಯೇ ನನ್ನ ತುರುಬಿಗೆ ಸಿಕ್ಕಿಸಿದರು.

ಬಾಳಂತಿ ಎಲ್ಲರ ಜೊತೆ ಕೂತು ಉಣ್ಣುವ ರೂಢಿ ನಮ್ಮಲ್ಲಿಲ್ಲ. ಅವಳ ಮಣೆಯನ್ನೂ ತನ್ನಿ ಎಂದು ಇವತ್ತು ನಾನೇ ಹೇಳಿದೆ. ಇನ್ನೂ ಬೆಚ್ಚಗಿದ್ದ ತಾಡಪತ್ರಿಯ ಕೆಳಗೆ ಎಲ್ಲರೂ ಕೂತರು, ನಮ್ಮ ಮನೆಯವರು, ದತ್ತಾ, ಬೀಗತಿ. ಜಗಲಿಯ ಮೆಟ್ಟಿಲ ಹತ್ತಿರ, ಮಗು ಮಲಗಿದ ತೊಟ್ಟಿಲು ಕಾಣುವ ಹಾಗೆ, ಕಿವಿಗೆ ಬಟ್ಟೆ ಸುತ್ತಿಕೊಂಡು ವೇಣಿ ಕೂತಳು.

ಬೀಗತಿ ತುತ್ತು ಕಲಸುತ್ತ ಸೊಸೆಯನ್ನು ಕೇಳಿದರು, "ಹಾಲು ಸಾಲ್ತದಾ ತಂಗಿ, ಅದಕೆ?"

ದತ್ತಾನ ಕೈ ತಟ್ಟೆಯಲ್ಲೇ ನಿಂತಿತು. ನಾನು ಸೌಟು ಹಿಡಿದು ನಿಂತಿದ್ದೆ.

"ಸಾಲಿ ಹೆಚ್ಚಾಗ್ತದೆ ಅತ್ತೆ" ಎಂದಳು ವೇಣಿ. "ಕುಡಿದು ಕುಡಿದು ಬಾಯಿ ತುದಿಲಿ ಸುರೀತದೆ." ಒಳಗೆ ಮಗು ಕಿರುಗುಟ್ಟಿತು. ಅವಳು ಏಳಲಿಲ್ಲ, ಅಲ್ಲಿಂದಲೇ ದನಿ ಎತ್ತಿ, "ತಡಿಯೇ, ಉಂಡ್ಕಂಡೆ ಬತ್ತೆ" ಎಂದಳು. ತಟ್ಟೆಯನ್ನು ನನ್ನ ಕಡೆ ಸರಿಸಿದಳು. "ಆಯಿ, ಇನ್ನೊಂದು ಹೋಳು ಹಾಕು."

ಹಾಕಿದೆ.